ಹನ್ನೊಂದು ದಿನ ಬಾರದ ಹೆಸರು

ರಾಜ್ಯದ ನ್ಯಾಯಾಲಯ ಮತಪತ್ರದಿಂದ ತೆಗೆದ ಹೆಸರು, ಆ ಆದೇಶ ಇರುವ ತನಕ ಆ ವ್ಯಕ್ತಿಯನ್ನು ಬಿಟ್ಟು ಬೇರೆ ಯಾರು ಹೇಳಹೋದರೂ ಬಾಯಿಗೆ ಬರುತ್ತಿರಲಿಲ್ಲ. ಲೋಕಸಭೆಗೆ ನಿಂತಿದ್ದ ಮುಂಡರಗಿಯ ನಿವೃತ್ತ ಮಾಸ್ತರರು ಹನ್ನೊಂದು ದಿನ ಹೀಗೇ ಕಳೆದಿದ್ದರು. ಅಂಚೆಯವರೂ ಅವರನ್ನು 'ಏನ್ರೀ' ಎಂದೇ ಕರೆಯುತ್ತಿದ್ದರು.

ಮತಪತ್ರ ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ರೇಡಿಯೊದಲ್ಲಿ ಮೇಲಿನ ನ್ಯಾಯಾಲಯದ ತೀರ್ಪು ಬಂತು: ಸಂಸತ್ತಿನ ಅಭ್ಯರ್ಥಿಯ ಅರ್ಹತೆ ತೀರ್ಮಾನಿಸುವ ಅಧಿಕಾರ ರಾಜ್ಯದ ನ್ಯಾಯಾಲಯಕ್ಕಿಲ್ಲ, ಆದೇಶ ರದ್ದು.

ಮಾಸ್ತರರು ಹೆಂಡತಿಯತ್ತ ತಿರುಗಿದರು. 'ನೀಲವ್ವಾ, ನನ್ನ ಹೆಸರು ಹೇಳ ನೋಡೂಣು.'

'ಅಲ್ರೀ, ಗಂಡನ ಹೆಸ್ರು ಯಾರರ ಹೇಳ್ತಾರೇನು? ಕೋರ್ಟ್ ಬ್ಯಾಡ ಅನ್ನೂಕಿಂತ ಮೊದ್ಲೂ ನಾ ಹೇಳಿಲ್ಲ.'

'ನಿನ್ನ ಬಾಯಾಗ ಬಂದ್ರ ಸುದ್ದಿ ಖರೆ. ಸುಳ್ಳಾದ್ರ ಇವತ್ತಿಗೆ ಎಲ್ಲಾ ಮುಗದಂಗ.'

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, 'ಬಸವಂತಪ್ಪ' ಎಂದಳು.

ಮಾಸ್ತರರು ಉಸಿರು ಬಿಟ್ಟು ಕುರ್ಚಿಯಲ್ಲಿ ಕುಳಿತರು. 'ಇನ್ನೊಮ್ಮೆ.'

'ಸಾಕು. ಇನ್ನ ಊರ ಮಂದಿ ಹೇಳ್ಲಿ,' ಎಂದಳು.