ಮಗ್ಗದ ಮುಂದಿನ ಮಾತು

ಚಾಡಿ ಹೇಳುತ್ತಿರುವವಳು ಆ ಹೊಸಬಳೇ. ಅಕ್ಕನಿಗೆ ಅನುಮಾನವೇ ಇರಲಿಲ್ಲ. ಬೇಕಾಗಿದ್ದದ್ದು ಸಾಕ್ಷಿ ಮಾತ್ರ.

ಬಟ್ಟೆ ಗಿರಣಿಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಮಗ್ಗದ ಬೆಲ್ಟಿನ ಮೇಲೆ ಕಾಪಿನ ಜಾಲರಿಯಿಲ್ಲದೆ ಅಲ್ಲೊಬ್ಬಳ ಬೆರಳು ಹೋಗಿತ್ತು. ‘ಜಾಲರಿ ಹಾಕಿಸಿ ಅಂತ ಕೇಳೋಣ’ ಎಂದವಳು ಮರುದಿನವೇ ಗೇಟಿನಾಚೆ. ‘ಇದು ಅನ್ಯಾಯ’ ಎಂದವಳೂ ಅವಳ ಹಿಂದೆಯೇ ಹೋದಳು. ಅಕ್ಕನ ಸಂಬಳ ನಿಂತರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಬಾಯಿ ಬಿಡಲು ಭಯ, ಸುಮ್ಮನಿದ್ದರೆ ಹೊಟ್ಟೆಯೊಳಗೆ ಉರಿ.

ಕೆಲಸ ಕಳೆದುಕೊಂಡ ಅವರಿಬ್ಬರೂ ಮಾತಾಡಿದ್ದು ಊಟದ ಕೋಣೆಯಲ್ಲಲ್ಲ, ಮಗ್ಗದ ಮುಂದೆ. ಆ ಗದ್ದಲದಲ್ಲಿ ಕಿವಿಯ ಹತ್ತಿರ ಕಿರುಚಿದರೂ ಕೇಳಿಸದು. ಅದಕ್ಕೇ ಮಗ್ಗದವರು ಬರೀ ತುಟಿ ಆಡಿಸುತ್ತಾರೆ. ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಇದಕ್ಕಿಂತ ಭದ್ರವಾದ ಜಾಗ ಇನ್ನೆಲ್ಲಿದೆ? ಮ್ಯಾನೇಜರಂತೂ ಮೇಲಿನ ಗಾಜಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಂಗಡಿಯ ಬೊಂಬೆಯ ಹಾಗೆ ಕೂತಿರುತ್ತಾನೆ.

ಅಕ್ಕ ಬಲೆ ಬೀಸಿದಳು. ಹೊಸಬಳೊಬ್ಬಳಿಗೇ ತುಟಿಯಾಡಿಸಿ ಹೇಳಿದಳು: ‘ಭಾನುವಾರ ನಮ್ಮನೇಲಿ ಎಲ್ಲ ಸೇರ್ತಿದೀವಿ. ಯಾರಿಗೂ ಹೇಳ್ಬೇಡ.’

ಸೇರುವುದೂ ಇಲ್ಲ, ಗೀರುವುದೂ ಇಲ್ಲ. ಬರೀ ಸುಳ್ಳು.

ಸಂಜೆ ಗೇಟಿನ ಬಳಿ ಮ್ಯಾನೇಜರ್ ನಕ್ಕ. ‘ಏನಕ್ಕಾ, ಭಾನುವಾರ ಮನೆ ತುಂಬ ಜನವಂತೆ?’

‘ನೆಂಟರು, ಸಾರ್.’ ‘ಸಾರ್’ ಅನ್ನುವಾಗ ನಾಲಿಗೆ ಕಹಿಯಾಯಿತು. ಒಂದು ಕಾಲಕ್ಕೆ ಅವಳ ಪಕ್ಕದಲ್ಲೇ ನಿಂತು ನೂಲು ಗಂಟು ಹಾಕುತ್ತಿದ್ದವನು. ಕುರ್ಚಿ ಸಿಕ್ಕಿದ್ದೇ ತಡ, ಎಲ್ಲ ಮರೆತುಬಿಟ್ಟ ಮಹಾರಾಯ!

ಸಾಕ್ಷಿಯೇನೋ ಸಿಕ್ಕಿತು. ಅಂದಿನಿಂದ ಹೊಸಬಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಅವಳ ಮಗ್ಗದಲ್ಲಿ ನೂಲು ಸಿಕ್ಕಿಹಾಕಿಕೊಂಡರೂ ಕೈ ಕೊಡುವವರಿಲ್ಲ. ಊಟಕ್ಕೆ ಕೂತರೆ ಬೆಂಚೇ ಖಾಲಿ.

‘ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲಕ್ಕಾ, ನನ್ನ ಮಕ್ಕಳಾಣೆ.’

‘ಮತ್ತೆ ಗೋಡೆ ಹೋಗಿ ಹೇಳ್ತಾ?’

ವಾರ ಕಳೆಯುವುದರೊಳಗೆ ಅವಳು ಕಣ್ಣೊರೆಸಿಕೊಂಡು ಕೆಲಸ ಬಿಟ್ಟಳು. ಅಯ್ಯೋ ಅನ್ನಿಸಿದರೂ ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡಳು. ಮರುದಿನ ಮಗ್ಗಗಳು ಮತ್ತೆ ಅಬ್ಬರಿಸತೊಡಗಿದವು. ಅಕ್ಕ ಬಹಳ ದಿನಗಳ ಮೇಲೆ ನಿರಾಳವಾಗಿ ತಲೆಯೆತ್ತಿ, ಎದುರಿನವಳಿಗೆ ತುಟಿಯಾಡಿಸಿದಳು: ‘ಪೀಡೆ ತೊಲಗ್ತು. ಇನ್ನು ಧೈರ್ಯವಾಗಿ ಮಾತಾಡ್ಬಹುದು. ಜಾಲರಿ ವಿಷಯ ನಾಳೇನೇ ಫ್ಯಾಕ್ಟರಿ ಇನ್ಸ್‌ಪೆಕ್ಟರ್‌ಗೆ ಹೇಳ್ತೀನಿ.’

ಎದುರಿನವಳು ನೂಲಿನ ಗಂಟು ಹಾಕಲು ಬಗ್ಗಿದಳು. ಅಕ್ಕನ ಕಣ್ಣು ಅವಳ ತಲೆಯ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು.

ಮುಚ್ಚಿದ ಗಾಜಿನ ಹಿಂದೆ ನಿಂತ ಮ್ಯಾನೇಜರ್, ಹಳೆಯ ಅಭ್ಯಾಸದಂತೆ ತುಟಿಗಳನ್ನು ಅಗಲವಾಗಿ, ನಿಧಾನವಾಗಿ ಆಡಿಸಿದ: ‘ನಾಳೆಯಿಂದ ನೀನೂ ಬರಬೇಡಕ್ಕಾ.’