ಕೆಳಗಿಳಿದ ಪೀಠ

ಚಾಪೆಲ್ಲಿನ ಬಾಗಿಲಲ್ಲೇ ಡೀನ್ ಅಬ್ದಿಯಾಸ್ ರೆಸಿನೋಸರ ಕಾಲು ನಿಂತುಬಿಟ್ಟಿತು. ಮೂವತ್ತು ವರ್ಷದಿಂದ ವೇದಿಕೆ ಬಿಟ್ಟು ಕದಲದ ಸೀಡರ್ ಮರದ ಪ್ರಸಂಗಪೀಠ ಮೂರು ಮೆಟ್ಟಿಲು ಕೆಳಗೆ, ಮೊದಲ ಬೆಂಚಿನ ಎದುರಿಗೆ, ನೆಲದ ಮೇಲಿತ್ತು. ಅದರ ಹಿಂದೆ ಎರ್ಮೆಲಿಂದಾ ಇಶ್ಕೋಯ್ ಕೈಮಗ್ಗದ ಶಾಲು ಹೊದ್ದು, ಬೈಬಲ್ ತೆರೆದಿಟ್ಟುಕೊಂಡು ಕಾಯುತ್ತಿದ್ದಳು.

"ಯಾರು ಇಳಿಸಿದ್ದು ಇದನ್ನ?"

"ನಾನೇ ಅಯ್ನೋರೇ. ಬೆಳಿಗ್ಗೆ ನೆಲ ಒರೆಸೋವಾಗ."

"ಹೆಂಗಸರು ವೇದಿಕೆ ಹತ್ತಬಾರದು ಅಂತ ಗೊತ್ತಿಲ್ವೇನಮ್ಮ ನಿಂಗೆ?"

"ಪ್ರಸಂಗ ಮಾಡೋಕೆ ಹತ್ತಬಾರದು. ಬಕೆಟ್ ಹಿಡ್ಕೊಂಡು ದಿನಾ ಹತ್ತು ಅಂತ ನೀವೇ ಕೆಲಸ ಹಾಕಿದ್ದೀರಲ್ಲ. ನಾಲ್ಕು ವರ್ಷದಿಂದ ಹತ್ತುತಾನೇ ಇದೀನಿ. ಒಂದು ದಿನಾನೂ ಯಾರೂ ಇಳಿ ಅನ್ಲಿಲ್ಲ."

ಬೆಂಚುಗಳಲ್ಲಿದ್ದ ಹನ್ನೊಂದು ಜನ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಡೀನ್ ಆ ಕಡೆ ಒಮ್ಮೆ ನೋಡಿದ್ದೇ ತಡ, ಎಲ್ಲರೂ ಬೈಬಲಿನೊಳಗೆ ಮುಖ ಹುದುಗಿಸಿದರು.

ಚಾಪೆಲ್ ಒರೆಸಿ ಫೀಸು ತೀರಿಸುತ್ತಾ ಓದುತ್ತಿದ್ದ ಅವಳಿಗೆ ಇವತ್ತು ಪ್ರಸಂಗ ಪರೀಕ್ಷೆ. ಶೆಲಾ ನಗರದ ಈ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರದ ಕೊನೆಯ ವರ್ಷ ಎಲ್ಲರೂ ಬೈಬಲಿನ ಒಂದು ಭಾಗ ಹಿಡಿದು ಇಪ್ಪತ್ತು ನಿಮಿಷ ಮಾತಾಡಬೇಕು. ಗಂಡಸರು ಮೇಲೆ, ಪೀಠದ ಹಿಂದೆ. ಹೆಂಗಸರು ಕೆಳಗೆ, ಹಾಡಿನವರು ಪುಸ್ತಕ ಇಡುವ ಕಬ್ಬಿಣದ ಸ್ಟ್ಯಾಂಡಿನ ಮುಂದೆ. ಅವರದ್ದು ಪ್ರಸಂಗವೆಂದು ದಾಖಲಾದರೆ ಇವರದ್ದು ಸಾಕ್ಷಿ, ಬರೀ ಸ್ವಂತ ಅನುಭವ, ಎಂದಾಗುತ್ತಿತ್ತು. ಪ್ರಸಂಗ ಮಾಡಿದವನು ಒಂದು ಊರಿನ ಚರ್ಚಿಗೆ ಸಭಾಪಾಲಕನಾಗಬಹುದು. ಸಾಕ್ಷಿ ಹೇಳಿದವಳಿಗೆ ಸಿಗುವುದು ಭಾನುವಾರದ ಮಕ್ಕಳ ಶಾಲೆಗೆ ಪಾಠ ಹೇಳುವ ಪದವಿ. ಅದನ್ನು ಹಿಡಿದುಕೊಂಡು ಹೋದರೆ ಯಾವ ಊರಿನ ಚರ್ಚೂ ಅವಳ ಕೈಗೆ ಬರುವುದಿಲ್ಲ. ಎರ್ಮೆಲಿಂದಾಳ ಚುವಾಶಿಲ್ ಗುಡ್ಡದ ಮೇಲಿನ ಊರು, ಅಲ್ಲಿ ನಾಲ್ಕು ವರ್ಷದಿಂದ ಸಭಾಪಾಲಕರಿಲ್ಲ. ಅಷ್ಟೂ ವರ್ಷ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಸತ್ತವರನ್ನು ಮಣ್ಣು ಮಾಡಿದವಳು, ಕಾಯಿಲೆಯವರ ತಲೆದೆಸೆಯಲ್ಲಿ ಕೂತವಳು ಅವಳೇ. ಇನ್ನು ಚರ್ಚಿನ ಕೇಂದ್ರ ಕಚೇರಿಯವರು ರಾಜಧಾನಿಯಿಂದ ಒಬ್ಬ ಗಂಡಸನ್ನು ಕಳಿಸುತ್ತಾರಂತೆ. ಅವನಿಗೆ ಊರಿನವರ ಕಿಚೆ ಭಾಷೆಯಲ್ಲಿ ನೀರು ಕೊಡಿ ಎನ್ನಲೂ ಬರುವುದಿಲ್ಲ. ನಲವತ್ಮೂರು ವರ್ಷದ ಎರ್ಮೆಲಿಂದಾ ಬೇಕಾದಷ್ಟು ನುಂಗಿಕೊಂಡಿದ್ದಳು, ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಸ್ಟ್ಯಾಂಡಿನ ಹತ್ರ ಹೋಗಿ ನಿಂತ್ಕೋ," ಅಂದರು ಡೀನ್.

"ಹದಿನೇಳನೇ ನಿಯಮ ಓದಿ ಅಯ್ನೋರೇ."

"ನಂಗೇ ಓದು ಅಂತೀಯಾ? ಬರೆದವನೇ ನಾನು!"

"ಅದಕ್ಕೇ ಹೇಳಿದ್ದು. ನೀವು ಓದಿದ್ರೆ ಚೆಂದ."

ಡೀನ್ ನಿಯಮಗಳ ಪುಸ್ತಕ ಬಿಚ್ಚಿದರು. 'ಪ್ರಸಂಗಪೀಠದ ಹಿಂದೆ ನಿಂತು, ಸಭೆಗೆ ಮುಖಮಾಡಿ ನುಡಿದದ್ದು ಪ್ರಸಂಗ. ಉಳಿದದ್ದೆಲ್ಲ ಸಾಕ್ಷಿ.' ಓದುತ್ತಾ ಓದುತ್ತಾ ಅವರ ದನಿ ಸಣ್ಣಗಾಯಿತು. ಪೀಠ ಎಲ್ಲಿರಬೇಕೆಂದು ಬರೆದಿರಲಿಲ್ಲ. ಪೀಠಕ್ಕೂ ಕಾಲು ಬಂದೀತೆಂದು ಬರೆಯುವಾಗ ಯಾರಿಗೆ ಹೊಳೆದೀತು?

"ಇದರ ಅರ್ಥ ಏನು ಅಂತ ಎಲ್ರಿಗೂ ಗೊತ್ತು," ಎಂದರು ಬಿಗಿಯಾಗಿ.

"ಹೋದ ವರ್ಷ ನಮ್ಮ ಎಲಿಯು ಅವನ ತಾತನ ಮಣ್ಣಿಗೆ ಹೋಗಿ ಒಂದೇ ಒಂದು ದಿನ ಪ್ರಾರ್ಥನೆ ತಪ್ಪಿಸಿದ್ದಕ್ಕೆ ಪರೀಕ್ಷೆಗೆ ಕೂರಿಸಲಿಲ್ಲ ನೀವು. ಅರ್ಥ ಕೇಳ್ಬೇಡ, ಅಕ್ಷರ ನೋಡು ಅಂದ್ರಿ. ನಾನೂ ಅಕ್ಷರಾನೇ ನೋಡಿದೆ."

ಮೂರನೇ ಬೆಂಚಿನಲ್ಲಿದ್ದ ಎಲಿಯು ಜೋರಾಗಿ "ಆಮೆನ್!" ಅಂದ. ಈ ಸಲ ಡೀನ್ ಅವನ ಕಡೆ ತಿರುಗಲಿಲ್ಲ.

ಅಪ್ಪಣೆಗೆ ಕಾಯದೆ ಎರ್ಮೆಲಿಂದಾ ಶುರು ಮಾಡಿದಳು. ಗಂಡು ಸಂತಾನವಿಲ್ಲದೆ ಸತ್ತವನ ಐದು ಹೆಣ್ಣುಮಕ್ಕಳು ಮೋಶೆಯ ಎದುರು ಹೋಗಿ ನಿಂತು ಅಪ್ಪನ ಪಾಲಿನ ನೆಲ ಕೇಳಿದ ಬೈಬಲಿನ ಕಥೆ. ಒಂದು ಮಾತು ಸ್ಪ್ಯಾನಿಷಿನಲ್ಲಿ, ಇನ್ನೊಂದು ಕಿಚೆಯಲ್ಲಿ. ಮೋಶೆಗೆ ಉತ್ತರ ತಿಳಿಯದೆ ದೇವರನ್ನು ಕೇಳಿದ, ದೇವರು ಆ ಹುಡುಗಿಯರು ಹೇಳೋದು ನ್ಯಾಯ ಅಂದ ಎನ್ನುವ ಹೊತ್ತಿಗೆ ಬೆಂಚುಗಳಿಂದ ಆಮೆನ್ ಮೇಲೆ ಆಮೆನ್ ಏಳುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲಿಸಿದಳು.

ಡೀನ್ ಅಂಕಪಟ್ಟಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಪ್ರಸಂಗ, ಸಾಕ್ಷಿ, ಎರಡರಲ್ಲಿ ಒಂದನ್ನು ಹೊಡೆದುಹಾಕಬೇಕು. ಅವರು ಹಟಮಾರಿ ಹೌದು, ಮೋಸಗಾರರಲ್ಲ. ಕೊನೆಗೆ ಸಾಕ್ಷಿಯ ಮೇಲೆ ಗೆರೆ ಎಳೆದು, ಪ್ರಸಂಗದ ಮುಂದೆ ತೊಂಬತ್ತೊಂದು ಎಂದು ಬರೆದರು.

"ಮುಂದಿನ ವರ್ಷದೊಳಗೆ ಈ ನಿಯಮ ತಿದ್ದಿಸ್ತೀನಿ, ನೋಡ್ತಿರು."

"ತಿದ್ದಿಸಿ ಅಯ್ನೋರೇ. ನಂದು ಈ ವರ್ಷ."

ಡೀನರ ಕಿವಿ ಕೆಂಪಾಯಿತು. ಎದ್ದು ಹುಡುಗರ ಕಡೆ ಕೈಬೀಸಿದರು. "ಬನ್ರೋ, ನಾಲ್ಕು ಜನ. ಇದನ್ನ ಮೇಲಿಡಿ."

ಯಾರೂ ಏಳಲಿಲ್ಲ. ಎಲಿಯು ಸೊಂಟ ಹಿಡಿದುಕೊಂಡು, "ಬೆಳಿಗ್ಗೆಯಿಂದ ಉಳುಕಿಬಿಟ್ಟಿದೆ ಅಯ್ನೋರೇ," ಅಂದ. ಅವನ ಪಕ್ಕದವನ ಸೊಂಟವೂ ಆಗಲೇ ಉಳುಕಿತು.

"ಹಂಗಾದ್ರೆ ನೀನೇ ಇಡು. ಒಬ್ಳೇ ಹೆಂಗೆ ಇಳಿಸಿದೆ ಇದನ್ನ?"

ಎರ್ಮೆಲಿಂದಾ ಶಾಲಿನೊಳಗಿಂದ ಹಗ್ಗ ಕಟ್ಟಿದ ಅಗಲವಾದ ಚರ್ಮದ ಪಟ್ಟಿಯೊಂದನ್ನು ಹೊರತೆಗೆದಳು. ಅವಳ ಊರಿನವರು ಸೌದೆ, ಜೋಳ, ಕಾಯಿಲೆಯವರನ್ನು ಕೂಡ ಹಣೆಗೆ ಆನಿಸಿ ಬೆನ್ನ ಮೇಲೆ ಹೊರುವುದು ಅದರಲ್ಲೇ. ಅದನ್ನು ಮಡಿಸಿ ಡೀನರ ಕೈಯಲ್ಲಿಟ್ಟಳು.

"ಹಣೆಗೆ ಸಿಕ್ಕಿಸ್ಕೊಳ್ಳಿ ಅಯ್ನೋರೇ. ತಲೆ ಸ್ವಲ್ಪ ತಗ್ಗಿಸ್ಬೇಕು, ಇಲ್ದಿದ್ರೆ ಏಳಲ್ಲ."