ಕರೆಸಿದ ಕಾರಣ

ಹುಣಸೆ ಬರಲಿನ ಮೂರನೇ ಏಟು ಮಗಳು ಕಾವ್ಯಳ ಮೀನಖಂಡಕ್ಕೆ ಚಟೀರೆಂದು ಬಿದ್ದಾಗ ಜ್ಯೋತಿಲಕ್ಷ್ಮಿ ಮೇಡಂ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ಶಾಲೆಯ ಕೋಣೆಗೆ ಕಾಲಿಟ್ಟವನೇ ಯರ್ರಪ್ಪ ಬೀಸತೊಡಗಿದ್ದ. ಮೇಷ್ಟ್ರು ದೂರು ಹೇಳಿದ ಮೇಲೆ ಹೊಡೆಯುವವನು ಎಂಥ ಅಪ್ಪ? ಅವರು ಬಾಯಿ ತೆರೆಯುವ ಮೊದಲೇ ನಾಲ್ಕು ಬಿಟ್ಟರೆ ಮನೆಯ ಮಾನ ಉಳಿಯುತ್ತದೆ. ಅವನಪ್ಪನೂ ಹಾಗೇ ಮಾಡಿದ್ದ.

"ಏನ್ ಮಾಡಿದ್ಲೋ ಗೊತ್ತಿಲ್ರಿ ಮೇಡಂ. ಫೋನ್ ಮಾಡಿ ಕರೆಸಿದ್ರಲ್ಲ, ಅಷ್ಟು ಸಾಕು ನಂಗೆ!" ನಾಲ್ಕನೆಯದು ಮೊಣಕಾಲ ಹಿಂದೆ ಬಿತ್ತು. ಚರ್ಮ ಸೀಳಿ ರಕ್ತ ಪಾದಕ್ಕಿಳಿಯಿತು. ಕಾವ್ಯ ಅಳಲಿಲ್ಲ. ಮೇಜು ಹಿಡಿದು ಕುಸಿದಳು.

ಮೇಡಂ ಬರಲನ್ನು ಕಿತ್ತುಕೊಂಡು ಅವನ ಮುಖಕ್ಕೇ ಎಸೆದರು. "ಒಂದ್ ಮಾತು ಕೇಳೋಕಾಗ್ಲಿಲ್ವೇನ್ರಿ ನಿಮ್ಗೆ?" ಎನ್ನುತ್ತ ಒಂದು ಹಾಳೆಯನ್ನು ಅವನ ಎದೆಗೆ ಒತ್ತಿದರು. "ಓಟದಾಗೆ ಚಳ್ಳಕೆರೆ ತಾಲ್ಲೂಕಿಗೇ ಇವ್ಳು ಫಸ್ಟು. ನಾಳೆ ದುರ್ಗದಾಗೆ ಜಿಲ್ಲಾ ಮಟ್ಟದ್ದು ಐತೆ. ಕಳ್ಸೋಕೆ ನಿಮ್ ಸಹಿ ಬೇಕಿತ್ತು, ಅಷ್ಟೇ."

ಯರ್ರಪ್ಪ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡ. ಕಾವ್ಯ ನಿಧಾನವಾಗಿ ಎದ್ದು ನಿಂತು ಬಲಗಾಲು ಊರಲು ನೋಡಿದಳು. ಊರಲಾಗಲಿಲ್ಲ.

"ಸಹಿ ಬ್ಯಾಡ ಬಿಡಪ್ಪ," ಅಂದಳು.